ಮುನ್ನೂರು ಅಧ್ಯಾಯಗಳ ಒಂದು ಅಪರಾಧ

ಒಂಬತ್ತನೆಯದು ನನಗೆ ಮೊದಲು ಸಿಕ್ಕಿತು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ, ಹಾಳೆ ಹಳದಿಗಟ್ಟಿದ, ಬೆನ್ನು ಬಿರಿದ ಒಂದು ಇಂಗ್ಲಿಷ್ ಅನುವಾದ: ‘ಕಾಪ್ ಕಿಲ್ಲರ್’. ಬರೆದವರು ಮಾಯ್ ಶೋವಾಲ್ ಮತ್ತು ಪೆರ್ ವಾಲೊ, ಬದುಕಿನಲ್ಲೂ ಬರವಣಿಗೆಯಲ್ಲೂ ಜೊತೆಗಿದ್ದ ಸ್ವೀಡನ್ನಿನ ಇಬ್ಬರು. ಅದು ಸರಣಿಯೊಂದರ ಒಂಬತ್ತನೆಯ ಕಾದಂಬರಿ ಎಂಬುದು ಒಳಪುಟ ನೋಡಿದಾಗ ತಿಳಿಯಿತು. ಪತ್ತೇದಾರಿ ಕಾದಂಬರಿ ತಾನೇ, ಯಾವುದರಿಂದ ಶುರುಮಾಡಿದರೇನು ಅಂದುಕೊಂಡು ಓದತೊಡಗಿದೆ.

ದಕ್ಷಿಣ ಸ್ವೀಡನ್ನಿನ ಹಳ್ಳಿಗಾಡಿನಲ್ಲಿ ಒಬ್ಬ ಹೆಂಗಸು ಕಾಣೆಯಾಗಿದ್ದಾಳೆ. ಅವಳ ನೆರೆಯಲ್ಲಿ ಒಂಟಿಯಾಗಿ ಬದುಕುತ್ತಿರುವವನು ಹಿಂದೊಮ್ಮೆ ಕೊಲೆ ಮಾಡಿ, ಶಿಕ್ಷೆ ಮುಗಿಸಿ ಬಂದವನು. ಪತ್ರಿಕೆಗಳಿಗೂ ಮೇಲಧಿಕಾರಿಗಳಿಗೂ ಇಷ್ಟೇ ಸಾಕು. ತನಿಖೆಗೆ ಬಂದ ಪೊಲೀಸ್ ಅಧಿಕಾರಿ, ಸರಣಿಯ ನಾಯಕ ಮಾರ್ಟಿನ್ ಬೆಕ್ ಆ ಮನುಷ್ಯನ ಎದುರು ಕೂತಾಗ ಮಾತ್ರ ಇಬ್ಬರ ನಡುವೆ ಹಳೆಯದೇನೋ ಇದೆ ಅನಿಸುತ್ತದೆ. ಆ ಹಳೆಯದು ನನಗೆ ಗೊತ್ತಿರಲಿಲ್ಲ. ಆಮೇಲೆ ಒಬ್ಬ ಪತ್ರಕರ್ತ ಬರುತ್ತಾನೆ. ಅವನೂ ಒಮ್ಮೆ ಕೊಂದವನು, ಅವನನ್ನೂ ಹಿಡಿದದ್ದು ಬೆಕ್, ಈಗ ಬೇರೊಂದು ಅಡ್ಡಹೆಸರಿನಲ್ಲಿ ಬಾಳುತ್ತಿದ್ದಾನೆ. ಮಾತುಕತೆ ಅರ್ಧ ಮುಗಿದ ಮನೆಯೊಳಕ್ಕೆ ಕಾಲಿಟ್ಟ ಹಾಗಾಯಿತು. ಆ ಇಬ್ಬರೂ ಸರಣಿಯ ಮೊದಲೆರಡು ಕಾದಂಬರಿಗಳ ಕೊಲೆಗಾರರು. ಓದದ ಎರಡು ಪುಸ್ತಕಗಳ ಗುಟ್ಟು ನನ್ನ ಮುಂದೆ ಆಗಲೇ ಒಡೆದುಹೋಗಿತ್ತು.

ಎಷ್ಟೋ ಕಾಲದ ಮೇಲೆ ಮೊದಲ ಕಾದಂಬರಿ ‘ರೋಸಾನಾ’ ಕೈಗೆ ಬಂತು. ಕೊಂದವನು ಯಾರೆಂದು ಗೊತ್ತಿದ್ದೂ ಪುಸ್ತಕ ಕೆಳಗಿಡಲಾಗಲಿಲ್ಲ. ಆಗ ಹುಟ್ಟಿದ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ವರ್ಷಗಟ್ಟಲೆ ಬೆಳೆದ ಅಪರಾಧ ಕಥನ ಸರಣಿಯೊಂದನ್ನು ಓದುವಾಗ ನಾವು ಓದುವುದು ಏನನ್ನು? ಅದರ ಬಗ್ಗೆ ಬರೆಯಲು ಕೂತವರು ತೂಗಬೇಕಾದದ್ದು ಏನನ್ನು?

ಶೋವಾಲ್ ಮತ್ತು ವಾಲೊ 1965ರಿಂದ 1975ರವರೆಗೆ ಹತ್ತು ಕಾದಂಬರಿ ಬರೆದರು. ಒಂದೊಂದರಲ್ಲೂ ಮೂವತ್ತು ಅಧ್ಯಾಯ. ಮಕ್ಕಳು ಮಲಗಿದ ಮೇಲೆ ರಾತ್ರಿ ಕೂತು, ಒಂದು ಅಧ್ಯಾಯ ಇವರು, ಇನ್ನೊಂದು ಅವರು ಎಂಬಂತೆ ಬರೆಯುತ್ತಿದ್ದರು. ಹತ್ತೇ ಎಂಬುದು ಮೊದಲೇ ಗೊತ್ತುಮಾಡಿಕೊಂಡ ಲೆಕ್ಕ. ಮುನ್ನೂರು ಅಧ್ಯಾಯಗಳ ಒಂದೇ ಕಾದಂಬರಿ ಎಂಬ ಎಣಿಕೆಯಲ್ಲಿ ಇಡೀ ಸರಣಿಗೆ ‘ಒಂದು ಅಪರಾಧದ ಕಥೆ’ ಎಂದು ಹೆಸರಿಟ್ಟರು. ಹತ್ತು ಪುಸ್ತಕಗಳಲ್ಲಿ ಬೇಕಾದಷ್ಟು ಕೊಲೆಗಳಿವೆ, ಆದರೆ ಹೆಸರಿನಲ್ಲಿರುವ ಅಪರಾಧ ಒಂದೇ. ಇಬ್ಬರೂ ಮಾರ್ಕ್ಸ್‌ವಾದಿಗಳು. ಎಲ್ಲರನ್ನೂ ಸಾಕುತ್ತೇನೆಂದು ಹೇಳಿಕೊಂಡ ಕಲ್ಯಾಣ ರಾಜ್ಯ ತನ್ನ ದುಡಿಯುವ ಜನರ ಕೈಬಿಟ್ಟಿತು ಎಂಬುದೇ ಅವರ ಪ್ರಕಾರ ಆ ಅಪರಾಧ. ಊರೂರಿನ ಕೈಯಲ್ಲಿದ್ದ ಸ್ವೀಡನ್ನಿನ ಪೊಲೀಸ್ ವ್ಯವಸ್ಥೆಯನ್ನು ಸರಕಾರ ಒಂದೇ ರಾಷ್ಟ್ರೀಯ ಇಲಾಖೆಯಾಗಿ ಮಾಡಿದ್ದೂ 1965ರಲ್ಲೇ. ಪುಸ್ತಕದಿಂದ ಪುಸ್ತಕಕ್ಕೆ ಇಲಾಖೆ ದೊಡ್ಡದಾಗುತ್ತದೆ, ಅದರೊಳಗಿನ ಮನುಷ್ಯರು ಸೊರಗುತ್ತಾರೆ. ಯಾವುದೋ ಒಂದನ್ನು ಮಾತ್ರ ಓದಿದವರಿಗೆ ಇದು ಕಾಣುವುದಿಲ್ಲ.

ಪತ್ತೇದಾರರ ಸರಣಿಗಳಲ್ಲಿ ಕಾಲ ಹೆಚ್ಚಾಗಿ ನಿಂತ ನೀರು. ಅಗಾಥಾ ಕ್ರಿಸ್ಟಿಯ ಪೊಯಿರೊ 1920ರ ಮೊದಲ ಕಾದಂಬರಿಗೆ ಬರುವಾಗಲೇ ನಿವೃತ್ತ ಪೊಲೀಸ್ ಅಧಿಕಾರಿ. ಆಮೇಲೂ ಐವತ್ತೈದು ವರ್ಷ ಓದುಗರ ಎದುರಿಗಿದ್ದ. ಅಮೆರಿಕದ ಸ್ಯೂ ಗ್ರಾಫ್ಟನ್ ಇಂಗ್ಲಿಷ್ ವರ್ಣಮಾಲೆಯ ಅಕ್ಷರಕ್ಕೊಂದರಂತೆ 1982ರಿಂದ 2017ರವರೆಗೆ ಇಪ್ಪತ್ತೈದು ಕಾದಂಬರಿ ಬರೆದರು. ಲೋಕ ಮೂವತ್ತೈದು ವರ್ಷ ಮುಂದೆ ಹೋದರೂ ಅವರ ಕಿನ್ಸಿ ಮಿಲ್ಹೋನ್ 1980ರ ದಶಕ ದಾಟಲಿಲ್ಲ. ನಮ್ಮಲ್ಲಿ ಎನ್. ನರಸಿಂಹಯ್ಯನವರು, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು, ಐನೂರರ ಆಸುಪಾಸು ಕಾದಂಬರಿ ಬರೆದು ಒಂದು ತಲೆಮಾರಿಗೆ ಕನ್ನಡ ಓದುವ ರುಚಿ ಹತ್ತಿಸಿದರು. ಅವರ ಪತ್ತೇದಾರ ಪುರುಷೋತ್ತಮನಿಗೆ ಮುಪ್ಪು ಬರಲಿ ಎಂದು ಬಾಡಿಗೆ ಲೈಬ್ರರಿಯ ಮುಂದೆ ಕಾಯುತ್ತಿದ್ದ ಯಾರೂ ಬಯಸಲಿಲ್ಲ. ನಿನ್ನೆ ಬಿಟ್ಟುಹೋದ ಹಾಗೇ ಇವತ್ತೂ ಸಿಗಬೇಕು, ಅದೇ ಚುರುಕು, ಅದೇ ಧೈರ್ಯ. ದಿನವಿಡೀ ದುಡಿದು ಬಂದವರಿಗೆ ಆ ಸ್ಥಿರತೆ ದೊಡ್ಡ ಆಸರೆ. ಅದನ್ನು ಕೀಳೆಂದು ನಾನು ಹೇಳಲಾರೆ.

ಬೆಕ್ ಸರಣಿಯ ಒಪ್ಪಂದ ಬೇರೆ. ಇಲ್ಲಿ ಆದದ್ದು ಆದದ್ದೇ.

ನಾಲ್ಕನೆಯ ಕಾದಂಬರಿ ‘ದಿ ಲಾಫಿಂಗ್ ಪೊಲೀಸ್‌ಮನ್’ ನೋಡಿ. 1967ರ ನವೆಂಬರಿನ ಒಂದು ಮಳೆರಾತ್ರಿ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಅಮೆರಿಕದ ರಾಯಭಾರ ಕಚೇರಿಯ ಮುಂದೆ ಸೇರಿದವರನ್ನು ಚದುರಿಸಲು ಸ್ಟಾಕ್‌ಹೋಮಿನ ಪೊಲೀಸರು ಅಲ್ಲಿ ನೆರೆದಿದ್ದಾರೆ. ಅದೇ ಹೊತ್ತಿಗೆ ನಗರದ ಇನ್ನೊಂದು ಕಡೆ ಬಸ್ಸಿನೊಳಗೆ ಯಾರೋ ಪ್ರಯಾಣಿಕರ ಮೇಲೆ ಗುಂಡಿನ ಮಳೆಗರೆದಿದ್ದಾರೆ. ಸತ್ತವರಲ್ಲಿ ಒಬ್ಬ ಓಕೆ ಸ್ಟೆನ್‌ಸ್ಟ್ರೋಮ್, ಬೆಕ್‌ನ ತಂಡದಲ್ಲೇ ಚಿಕ್ಕವನು. ಹಿಂದಿನ ಪುಸ್ತಕಗಳಲ್ಲಿ ಅವನನ್ನು ಬದಿಯಲ್ಲಿ ಓಡಾಡುವ ಹುಡುಗನಾಗಿ ಕಂಡವರಿಗೆ ಆ ಹೆಣ ಪರಿಚಯದ ಹೆಣ. ಅವನ ಗೆಳತಿ ಓಸಾ ಟೊರೆಲ್ ಅದೇ ಕಾದಂಬರಿಯ ದುಃಖದಲ್ಲಿ ಮುಗಿದುಹೋಗುವುದಿಲ್ಲ. ಮುಂದೆ ಅವಳೇ ಪೊಲೀಸ್ ಸೇರುತ್ತಾಳೆ. ಹೆಚ್ಚು ಮಾತಿಲ್ಲದೆ, ಇನ್ನೊಂದು ತನಿಖೆಯ ನಡುವೆ, ಪೊಲೀಸರ ಸಾಲಿನಲ್ಲಿ ಅವಳು ಕಾಣಿಸಿಕೊಂಡಾಗ ನನಗೆ ಓದು ನಿಲ್ಲಿಸಬೇಕಾಯಿತು. ಎರಡು ಪುಸ್ತಕಗಳ ನಡುವಿನ ಖಾಲಿ ಜಾಗದಲ್ಲಿ, ನಾನು ನೋಡದೇ ಇದ್ದಾಗ, ಒಬ್ಬ ಹೆಂಗಸು ತನ್ನ ಬದುಕನ್ನು ಮತ್ತೆ ಕಟ್ಟಿಕೊಂಡಿದ್ದಳು.

ಈ ಕಾದಂಬರಿಗೆ 1971ರಲ್ಲಿ ಅಮೆರಿಕದ ಎಡ್ಗರ್ ಪ್ರಶಸ್ತಿ ಬಂತು. 1973ರಲ್ಲಿ ಹಾಲಿವುಡ್ ಇದನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಒಯ್ದು ವಾಲ್ಟರ್ ಮ್ಯಾಥೌ ಅವರನ್ನು ಹಾಕಿ ಸಿನಿಮಾ ಮಾಡಿತು. ಬಸ್ಸಿನ ದೃಶ್ಯಕ್ಕೆ ಅಲ್ಲೂ ಕಸುವಿದೆ. ಆದರೆ ಸತ್ತ ತರುಣ ಪೊಲೀಸ್ ಅಲ್ಲಿ ಬರೀ ಒಂದು ಸುಳಿವು, ಯಾಕೆಂದರೆ ಅವನ ಹಿಂದೆ ಮೂರು ಪುಸ್ತಕಗಳಿಲ್ಲ.

ನಗಿಸಲೆಂದೇ ಬಂದವರನ್ನೂ ಈ ಸರಣಿ ಕಾಲದಿಂದ ಕಾಪಾಡುವುದಿಲ್ಲ. ಕ್ರಿಸ್ಟಿಯಾನ್ಸನ್ ಮತ್ತು ಕ್ವಾಂಟ್ ಎಂಬ ಇಬ್ಬರು ಗಸ್ತಿನ ಪೊಲೀಸರಿದ್ದಾರೆ, ಹೋದಲ್ಲೆಲ್ಲ ಎಡವಟ್ಟು ಮಾಡುವವರು. ಬಸ್ಸಿನೊಳಕ್ಕೆ ಮೊದಲು ಹತ್ತಿ ಸಾಕ್ಷ್ಯಗಳನ್ನೆಲ್ಲ ತುಳಿದು ಹಾಳುಮಾಡಿದವರೂ ಅವರೇ. ಅವರು ಬಂದರೆ ಓದುಗರ ಮುಖ ಅರಳುತ್ತದೆ. ಏಳನೆಯ ಕಾದಂಬರಿಯಲ್ಲಿ ಪೊಲೀಸರ ಕ್ರೌರ್ಯದಿಂದ ಎಲ್ಲವನ್ನೂ ಕಳೆದುಕೊಂಡ ಒಬ್ಬ ಮನುಷ್ಯ ಬಂದೂಕು ಹಿಡಿದು ತಾರಸಿ ಹತ್ತುತ್ತಾನೆ. ಆ ಗುಂಡಿಗೆ ಕ್ವಾಂಟ್ ಸಾಯುತ್ತಾನೆ. ಬೆಕ್‌ಗೂ ಗುಂಡು ತಗಲುತ್ತದೆ. ಎಂಟನೆಯದು ಶುರುವಾಗುವಾಗ ಬೆಕ್ ವರ್ಷಕ್ಕೂ ಮೀರಿದ ರಜೆ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದಾನೆ. ಅವನ ಗೆಳೆಯ ಲೆನಾರ್ಟ್ ಕೋಲ್‌ಬರ್ಗ್ ಬಂದೂಕು ಇಟ್ಟುಕೊಳ್ಳುವುದಿಲ್ಲ, ಹಿಂದೆ ಒಮ್ಮೆ ಕೈತಪ್ಪಿ ಸಹೋದ್ಯೋಗಿಯನ್ನೇ ಕೊಂದಿದ್ದ. ಆ ಭಾರ ಹೊತ್ತುಕೊಂಡೇ ಒಂಬತ್ತನೆಯ ಕಾದಂಬರಿಯವರೆಗೆ ಬಂದು ಅವನು ರಾಜೀನಾಮೆ ಕೊಡುತ್ತಾನೆ. ಆ ರಾಜೀನಾಮೆಗೆ ಒಂದು ಪುಸ್ತಕದಲ್ಲಿ ಕಾರಣ ಹುಡುಕಿದರೆ ಸಿಗದು. ಎಂಟು ಪುಸ್ತಕಗಳ ದಣಿವು ಅದರ ಹಿಂದಿದೆ.

ವಿಮರ್ಶೆ ದಾರಿ ತಪ್ಪುವುದು ಇಲ್ಲೇ. ಸರಣಿಯ ಹೊಸ ಪುಸ್ತಕ ಬಂದಾಗಲೆಲ್ಲ ನಾವು ಕೇಳುವುದು ಒಂದೇ: ಹಿಂದಿನದರಷ್ಟು ಚೆನ್ನಾಗಿದೆಯೇ? ಕಥೆಯ ಬಿಗಿ, ತಿರುವು, ಊಹಿಸಲಾಗದ ಕೊನೆ, ಇವನ್ನು ಅಳೆದು ಅಂಕ ಕೊಡುತ್ತೇವೆ. ಹಾಗೆ ಅಳೆದರೆ ನಾಲ್ಕನೆಯದಕ್ಕೆ ಮೊದಲ ಸ್ಥಾನ, ಒಂಬತ್ತನೆಯದು ಎಲ್ಲೋ ಹಿಂದೆ. ನನ್ನ ತೀರ್ಮಾನ ಬೇರೆ. ಒಂಬತ್ತನೆಯದೇ ಸರಣಿಯ ಎತ್ತರ. ಕೊಲೆಗಾರನನ್ನು ಹಿಡಿದುಕೊಟ್ಟ ಮೇಲೆ ಪತ್ತೇದಾರಿ ಕಾದಂಬರಿ ಅವನನ್ನು ಮರೆತುಬಿಡುತ್ತದೆ, ಸಂತೆ ಮುಗಿದ ಮೇಲೆ ಬಯಲನ್ನು ಮರೆತ ಹಾಗೆ. ಶೋವಾಲ್ ಮತ್ತು ವಾಲೊ ಒಂಬತ್ತು ವರ್ಷ ಬಿಟ್ಟು ಹಿಂದಿರುಗಿ ನೋಡಿ, ಆ ಮನುಷ್ಯ ಏನಾದ ಎಂದು ಕೇಳಿದರು. ಅವನಿಗೂ ಹಸಿವಿದೆ, ಅಂಜಿಕೆಯಿದೆ, ಹಳೆಯ ತಪ್ಪಿನ ಹೆಸರಿನಲ್ಲಿ ಹೊಸ ತಪ್ಪನ್ನು ಅವನ ತಲೆಗೆ ಕಟ್ಟಲು ಊರು ಕಾದಿದೆ. ಅಪರಾಧ ಕಥನ ತನ್ನ ಅಪರಾಧಿಗೆ ಸಲ್ಲಿಸಬೇಕಾದ ಋಣವನ್ನು ಇಷ್ಟು ಪ್ರಾಮಾಣಿಕವಾಗಿ ತೀರಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಇದು ಸರಣಿಗೆ ಮಾತ್ರ ಸಾಧ್ಯವಾದ ಕೆಲಸ. ಬಿಡಿ ಕಾದಂಬರಿಗೆ ಅಷ್ಟು ಹಿಂದಿನ ಕಾಲ ಎಲ್ಲಿಂದ ಬರಬೇಕು?

ಮೆಚ್ಚಿಕೆಯ ಭರದಲ್ಲಿ ದೋಷಗಳನ್ನು ಮುಚ್ಚಿಡಬಾರದು. ಕೊನೆಯ ಮೂರು ಪುಸ್ತಕಗಳಲ್ಲಿ ಲೇಖಕರ ಸಿಟ್ಟು ಪಾತ್ರಗಳ ಬಾಯಿಂದ ಜಾರಿ ನೇರ ಭಾಷಣವಾಗುತ್ತದೆ. ಸರಕಾರ, ಪೊಲೀಸ್ ಮುಖ್ಯಸ್ಥ, ನಗರದ ಕಾಂಕ್ರೀಟು, ಎಲ್ಲದಕ್ಕೂ ಪ್ಯಾರಾಗಟ್ಟಲೆ ಟೀಕೆ. ಎಂಟನೆಯದರ ಬ್ಯಾಂಕ್ ದರೋಡೆ ತನಿಖೆಯ ಭಾಗದಲ್ಲಿ ಮೇಲಧಿಕಾರಿಗಳು ಬರೀ ವ್ಯಂಗ್ಯಚಿತ್ರಗಳಾಗಿಬಿಡುತ್ತಾರೆ. ಅದೇ ಪುಸ್ತಕದ ಕೊನೆಯಲ್ಲಿ ಒಬ್ಬನಿಗೆ ಮಾಡಿದ ಕೊಲೆಯಿಂದ ಬಿಡುಗಡೆಯಾಗಿ, ಮಾಡದ ಅಪರಾಧಕ್ಕೆ ಶಿಕ್ಷೆಯಾಗುತ್ತದೆ. ಈ ಒಂದು ತೀರ್ಪು ಹೇಳುವಷ್ಟನ್ನು ಆ ಭಾಷಣಗಳೆಲ್ಲ ಸೇರಿಯೂ ಹೇಳುವುದಿಲ್ಲ.

ಇನ್ನೂ ದೊಡ್ಡ ಕೊರತೆ ಇಂಗಾ, ಬೆಕ್‌ನ ಹೆಂಡತಿ. ಸಂಸಾರ ಹಳಸಿದೆ, ಗಂಡ ಸೋಫಾದ ಮೇಲೆ ಮಲಗುತ್ತಾನೆ, ಹಡಗಿನ ಮಾದರಿ ಕಟ್ಟುತ್ತಾ ಕೂರುತ್ತಾನೆ. ಇದೆಲ್ಲ ನಮಗೆ ಅವನ ಕಡೆಯಿಂದಲೇ ಗೊತ್ತು. ಅವಳು ಬಂದಾಗಲೆಲ್ಲ ಗೊಣಗುತ್ತಾಳೆ, ಅಷ್ಟೇ. ರಾತ್ರಿಯಲ್ಲಿ ಫೋನು ಬಂದೊಡನೆ ಎದ್ದುಹೋಗುವವನೊಂದಿಗೆ ಎರಡು ಮಕ್ಕಳನ್ನು ಬೆಳೆಸಿದವಳ ದಿನಗಳು ಹೇಗಿದ್ದವು? ಕೊಲೆಗಾರನ ಬಳಿಗೆ ಹಿಂದಿರುಗಿದ ಲೇಖಕರು ಇವಳ ಬಳಿಗೆ ಒಮ್ಮೆಯೂ ಹಿಂದಿರುಗಲಿಲ್ಲ. ಎಂಟನೆಯದರಲ್ಲಿ ರೇಯಾ ನೀಲ್ಸನ್ ಬರುತ್ತಾಳೆ, ಬಾಗಿಲು ತೆರೆದಿಟ್ಟ ಮನೆಯವಳು, ಸರಣಿಯ ಅತ್ಯಂತ ಜೀವಂತ ಹೆಂಗಸು. ಅವಳಿಂದ ಬೆಕ್‌ನ ಬದುಕಿಗೆ ಬೆಳಕು ಬಂದದ್ದು ನನಗೂ ಸಂತೋಷವೇ. ಆದರೆ ಆ ಬೆಳಕಿಗೆ ಜಾಗ ಮಾಡಲೆಂದು ಇಂಗಾಳನ್ನು ಕತ್ತಲಲ್ಲಿ ಬಿಟ್ಟದ್ದು ಅನ್ಯಾಯ.

ಶೋವಾಲ್ ಮತ್ತು ವಾಲೊ ಅವರಿಂದ ಹುಟ್ಟಿದ ಪರಂಪರೆ ದೊಡ್ಡದು. ಹೆನ್ನಿಂಗ್ ಮಾಂಕೆಲ್ 1991ರಲ್ಲಿ ಇಸ್ಟಾಡ್ ಎಂಬ ಸಣ್ಣ ಊರಿನ ಪತ್ತೇದಾರ ವಾಲಾಂಡರ್‌ನನ್ನು ತಂದರು. ಹೋಕಾನ್ ನೆಸ್ಸರ್, ಓಕೆ ಎಡ್ವರ್ಡ್ಸನ್, ನಾರ್ವೆಯ ಯೂ ನೆಸ್ಬೊ, ಆಮೇಲೆ ಲೋಕವೆಲ್ಲ ಓದಿದ ಸ್ಟೀಗ್ ಲಾರ್ಸನ್. ಆದರೆ ಹಿರಿಯರಿಂದ ಇವರಲ್ಲಿ ಹಲವರು ಪಡೆದುಕೊಂಡದ್ದು ಮೊದಲ ಪುಟವನ್ನು. ‘ರೋಸಾನಾ’ ಶುರುವಾಗುವುದು ಯೋಟಾ ಕಾಲುವೆಯ ಹೂಳೆತ್ತುವ ಯಂತ್ರಕ್ಕೆ ಸಿಕ್ಕಿದ ಒಬ್ಬ ತರುಣಿಯ ಬೆತ್ತಲೆ ಹೆಣದಿಂದ. ಅಲ್ಲಿಂದ ಇಲ್ಲಿಯವರೆಗೆ ಉತ್ತರ ಯುರೋಪಿನ ಎಷ್ಟೋ ಕಾದಂಬರಿಗಳು ಅಂಥದೇ ಹೆಣದಿಂದ ಶುರುವಾಗಿವೆ, ಸಲಸಲಕ್ಕೂ ಕ್ರೌರ್ಯ ಒಂದು ಹಿಡಿ ಹೆಚ್ಚು. ಅವರು ಬಿಟ್ಟುಬಂದದ್ದು ಆಮೇಲಿನ ಆರು ತಿಂಗಳನ್ನು. ‘ರೋಸಾನಾ’ದಲ್ಲಿ ಸತ್ತವಳ ಹೆಸರು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಅಮೆರಿಕದ ನೆಬ್ರಾಸ್ಕಾದಿಂದ ಸುದ್ದಿ ಬರಬೇಕು. ಅವಳು ಪಯಣಿಸಿದ ಹಡಗಿನಲ್ಲಿದ್ದ ಎಂಬತ್ತಕ್ಕೂ ಹೆಚ್ಚು ಜನರನ್ನು ದೇಶದೇಶಗಳಲ್ಲಿ ಹುಡುಕಿ ಅವರು ತೆಗೆದ ಫೋಟೊಗಳನ್ನು ಬೇಡಿ ತರಿಸಬೇಕು. ಆ ಬೇಸರದ, ನೆಗಡಿಯ, ಫಲವಿಲ್ಲದ ದಿನಗಳಲ್ಲೇ ಸತ್ತವಳು ನಿಧಾನವಾಗಿ ಮನುಷ್ಯಳಾಗುತ್ತಾಳೆ: ಅವಳೊಬ್ಬ ಗ್ರಂಥಪಾಲಕಿ, ತನ್ನ ಇಷ್ಟದಂತೆ ಬದುಕಿದವಳು. ಈ ತಾಳ್ಮೆಯನ್ನು ಉಳಿಸಿಕೊಂಡವರಲ್ಲಿ ಮಾಂಕೆಲ್ ಮುಖ್ಯರು. 2009ರ ಕೊನೆಯ ಕಾದಂಬರಿಯಲ್ಲಿ ವಾಲಾಂಡರ್‌ನನ್ನು ಮರೆವಿನ ರೋಗಕ್ಕೆ ಒಪ್ಪಿಸಲು ಅವರಿಗೆ ಎದೆಗಾರಿಕೆಯಿತ್ತು. ನೆನಪೇ ಕಸುಬಾಗಿದ್ದವನಿಂದ ನೆನಪು ಕಳಚಿಕೊಳ್ಳುವುದನ್ನು ಓದುವಾಗ, ಹಿಂದಿನ ಪುಸ್ತಕಗಳೆಲ್ಲ ಓದುಗರ ತಲೆಯಲ್ಲಷ್ಟೇ ಉಳಿದವು ಅನಿಸಿ ಕಣ್ಣು ಮಂಜಾಗುತ್ತದೆ.

ಮುಗಿಸಲಾರದ ಸರಣಿಗಳ ಪಾಡು ಬೇರೆ. ಸ್ಟೀಗ್ ಲಾರ್ಸನ್ 2004ರಲ್ಲಿ ತೀರಿಕೊಂಡರು, ಮೂರೂ ಕಾದಂಬರಿಗಳು ಅಚ್ಚಾದದ್ದು ಆಮೇಲೆ. 2015ರಿಂದ ಡೇವಿಡ್ ಲಾಗರ್‌ಕ್ರಾಂಟ್ಸ್ ಇನ್ನೂ ಮೂರು ಬರೆದರು, ಅವರ ನಂತರ ಮತ್ತೊಬ್ಬರು. ಬೆಕ್‌ನನ್ನೂ ಬಿಡಲಿಲ್ಲ. 1997ರಿಂದ ಅವನ ಹೆಸರಿನ ಹೊಸ ಕಥೆಗಳು ಸ್ವೀಡನ್ನಿನಲ್ಲಿ ಸಿನಿಮಾಗಳಾಗಿ ಬರುತ್ತಿವೆ. ಅವುಗಳಲ್ಲಿ ಬೆಕ್ ಆದ ಪೀಟರ್ ಹಾಬರ್ ಒಳ್ಳೆಯ ನಟ. ಆದರೆ ಆ ಬೆಕ್‌ಗೆ 1975 ಎಂಬ ಅಂಚಿಲ್ಲ, ಅವನನ್ನು ಎಷ್ಟು ಬೇಕಾದರೂ ಎಳೆಯಬಹುದು. ಗ್ರಾಫ್ಟನ್ ಕೊನೆಯ ಅಕ್ಷರಕ್ಕೆ ಬರುವ ಮೊದಲೇ ತೀರಿಕೊಂಡಾಗ, ಬೇರೆಯವರಿಂದ ಬರೆಸುವುದಿಲ್ಲ ಎಂದು ಮನೆಯವರು ಹೇಳಿದರು. ಆ ವರ್ಣಮಾಲೆ ಒಂದಕ್ಷರ ಕಡಿಮೆಯಾಗಿಯೇ ಉಳಿಯಿತು. ಆ ಕೊರತೆಯನ್ನು ನಾನು ಗೌರವಿಸುತ್ತೇನೆ.

ಹತ್ತನೆಯ ಬೆಕ್ ಕಾದಂಬರಿ ‘ದಿ ಟೆರರಿಸ್ಟ್ಸ್’ ಬಂದದ್ದು 1975ರಲ್ಲಿ. ಅದೇ ವರ್ಷದ ಜೂನ್‌ನಲ್ಲಿ, ನಲವತ್ತೆಂಟನೆಯ ವಯಸ್ಸಿಗೆ ಪೆರ್ ವಾಲೊ ತೀರಿಕೊಂಡರು. ಆ ಕಾದಂಬರಿಯಲ್ಲಿ ವ್ಯವಸ್ಥೆಯ ಕೈಯಲ್ಲಿ ನಲುಗಿದ ಒಬ್ಬ ಹುಡುಗಿ ಸ್ವೀಡನ್ನಿನ ಪ್ರಧಾನಿಯನ್ನು ಗುಂಡಿಕ್ಕಿ ಕೊಲ್ಲುತ್ತಾಳೆ. ಹನ್ನೊಂದು ವರ್ಷದ ಮೇಲೆ, 1986ರ ಫೆಬ್ರುವರಿಯಲ್ಲಿ, ಪ್ರಧಾನಿ ಉಲೋಫ್ ಪಾಲ್ಮೆ ಸ್ಟಾಕ್‌ಹೋಮಿನ ಬೀದಿಯಲ್ಲಿ ಗುಂಡಿಗೆ ಬಲಿಯಾದರು. ಭವಿಷ್ಯ ನುಡಿದರು ಎಂದು ಹಲವರು ಈ ಹೋಲಿಕೆಯನ್ನು ಎತ್ತಿಹಿಡಿಯುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ಆ ಹುಡುಗಿ, ಅವಳಿಗೆ ಎಲ್ಲ ಬಾಗಿಲುಗಳೂ ಮುಚ್ಚಿದ ಬಗೆ.

ಮಾಯ್ ಶೋವಾಲ್ ಮುಂದೆ ನಲವತ್ತೈದು ವರ್ಷ ಬದುಕಿದ್ದು 2020ರಲ್ಲಿ ತೀರಿಕೊಂಡರು. ಹನ್ನೊಂದನೆಯ ಬೆಕ್ ಕಾದಂಬರಿಯನ್ನು ಅವರು ಬರೆಯಲಿಲ್ಲ. ಮುನ್ನೂರನೆಯ ಅಧ್ಯಾಯದ ಕೊನೆಗೆ ಬೆಕ್, ರೇಯಾ, ಕೋಲ್‌ಬರ್ಗ್, ಅವನ ಹೆಂಡತಿ ಗುನ್, ನಾಲ್ವರೂ ಮೇಜಿನ ಸುತ್ತ ಕೂತು ಪದದಾಟ ಆಡುತ್ತಿದ್ದಾರೆ. ಸರಣಿಯ ಕೊನೆಯ ಮಾತು ಬೆಕ್‌ನದಲ್ಲ. ಅದನ್ನಾಡುವವನು ಕೋಲ್‌ಬರ್ಗ್, ಅಷ್ಟು ಹೊತ್ತಿಗೆ ಪೊಲೀಸ್ ಕೆಲಸ ಬಿಟ್ಟವನು.