ಸಭೆ ಕಟ್ಟಿದವರ ಮನೆವಾರ್ತೆ

ಕ್ರೈಸ್ತ ಮಿಶನರಿಗಳು ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ಕುರಿತು ಬರೆದವರಿಗೆ ನಮ್ಮಲ್ಲಿ ಕೊರತೆಯಿಲ್ಲ. 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟು, ಅಚ್ಚುಕೂಟ, ಶಾಲೆ, ಹಂಚಿನ ಕಾರಖಾನೆ: ಈ ಯಾದಿ ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ದಂಥ ಶ್ರಮದ ಗ್ರಂಥ ಈ ಋಣವನ್ನು ಆಧಾರಸಹಿತ ತೋರಿಸಿಕೊಟ್ಟಿದೆ. ಆದರೆ ಒಂದು ಊರಿನಲ್ಲಿ ಹೊಸ ಸಭೆಯೊಂದು ಹುಟ್ಟುವಾಗ ಅದನ್ನು ಕಟ್ಟಿದವರ ಮನೆಯೊಳಗೆ ಏನು ನಡೆಯಿತು? ಯಾರ ತೊಟ್ಟಿಲು ಯಾವ ದೇಶಕ್ಕೆ ಹೋಯಿತು, ಯಾವ ಬಾಗಿಲು ಯಾರ ಮುಂದೆ ಮುಚ್ಚಿತು? ಈ ಪ್ರಶ್ನೆಗೆ ನಮ್ಮ ಸಾಹಿತ್ಯಚರಿತ್ರೆಯಾಗಲಿ ಕಾದಂಬರಿಯಾಗಲಿ ಕೊಟ್ಟಿರುವ ಉತ್ತರ ಬಹು ಸಣ್ಣದು.

ಕೊಪ್ಪಳ ಸೀಮೆಯ ನಮಗೆ ಇದು ದೂರದ ಸಂಗತಿಯೇನೂ ಅಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿಗಳನ್ನು ಮುಟ್ಟಿ, 1841ರ ಹೊತ್ತಿಗೆ ನಮ್ಮ ನೆರೆಯ ಬೆಟಗೇರಿಯಲ್ಲಿ ನೆಲೆಯೂರಿತು. ಅಂದು ನಿಜಾಮರ ಸೀಮೆಯಲ್ಲಿದ್ದ ನಮ್ಮೂರುಗಳಿಂದ ಅದು ಗಡಿಯಾಚೆಯ ಹೊಸ ಸುದ್ದಿ.

ಬಂದ ಪಾದ್ರಿಗಳ ಸಂಸಾರವನ್ನು ಮೊದಲು ನೋಡೋಣ. ಅವರು ಬ್ರಹ್ಮಚಾರಿಗಳಾಗಿ ಬರಬೇಕು; ಮದುವೆಗೆ ಬಾಸೆಲಿನ ಸಮಿತಿಯ ಒಪ್ಪಿಗೆ ಬೇಕು. ಒಮ್ಮೊಮ್ಮೆ ವರನ ಮುಖವನ್ನೇ ನೋಡದ ಹುಡುಗಿ ಹಡಗು ಹತ್ತಿ ಬರುತ್ತಿದ್ದಳು. ಹುಟ್ಟಿದ ಮಕ್ಕಳನ್ನು ಓದಿನ ವಯಸ್ಸಿಗೆ ಯುರೋಪಿಗೆ ಕಳಿಸಬೇಕು. ಅವರಿಗಾಗಿಯೇ 1853ರಲ್ಲಿ ಬಾಸೆಲಿನಲ್ಲಿ ಒಂದು ಮಕ್ಕಳಮನೆ ತೆರೆಯಿತು. ತಲಶ್ಶೇರಿಯಲ್ಲಿದ್ದ ಗುಂಡರ್ಟರ ಮಗಳು ಮರಿಯಾ 1842ರಲ್ಲಿ ಹುಟ್ಟಿದಳು. ಎಳವೆಯಲ್ಲೇ ಆಕೆಯನ್ನು ಯುರೋಪಿನಲ್ಲಿ ಬಿಟ್ಟು ತಾಯಿತಂದೆ ಮರಳಿ ಬಂದರು. ಆಕೆ ಮತ್ತೆ ಅವರನ್ನು ಸೇರಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ ಈಕೆಯೇ ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ. ಊರಿನ ಮಕ್ಕಳಿಗೆ ಶಾಲೆ ತೆರೆದವರು ತಮ್ಮ ಮಕ್ಕಳು ಅಕ್ಷರ ತಿದ್ದುವುದನ್ನು ಕಾಣಲಿಲ್ಲ. ಇದನ್ನು ತ್ಯಾಗವೆಂದು ಕರೆಯುವುದು ಸುಲಭ. ಆದರೆ ತ್ಯಾಗ ಮಾಡಿದವರು ಯಾರು, ತಂದೆಯೋ ಮಗುವೋ?

ಕಿಟ್ಟೆಲ್ಲರು 1860ರಲ್ಲಿ ಪೌಲಿನಾ ಐತ್ ಅವರನ್ನು ಮದುವೆಯಾದರು. 1864ರಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿಯಾ ಆ ಮನೆಗೆ ಬಂದರು. ಮೋಗ್ಲಿಂಗರಂತೂ ತಮ್ಮ ಬಂಧುವೂ ಜೊತೆಗಾರರೂ ಆಗಿದ್ದ ವೈಗ್ಲೆ ತೀರಿಕೊಂಡ ಬಳಿಕ ಅವರ ವಿಧವೆಯನ್ನು ವರಿಸಿ, ಮಕ್ಕಳ ಹೊಣೆಯನ್ನೂ ಹೊತ್ತರು. ಕೊಡಗಿನಲ್ಲಿ ಆನಂದಪುರದ ನೆಲೆಯನ್ನು ಕಟ್ಟಿದ ಈ ಮನುಷ್ಯ 1860ರಲ್ಲಿ ಭಾರತ ಬಿಟ್ಟದ್ದು ಹೆಂಡತಿಯ ಅನಾರೋಗ್ಯದಿಂದ. ಒಂದು ಸಭೆಯ ಗತಿಯನ್ನು ಒಳಮನೆಯ ಕಾಯಿಲೆ ತಿರುಗಿಸಿತು. ನಮ್ಮ ಚರಿತ್ರೆಕಾರರು ಇಂಥದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ.

ಸಭೆಗೆ ಸೇರಿದ ನಮ್ಮವರ ಮನೆಯ ಕಥೆ ಇನ್ನೂ ಕಠಿಣ. ಮಂಗಳೂರಿನ ಸಾರಸ್ವತ ತರುಣ ಆನಂದರಾಯ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆದರು. ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದರು. ಕೈಹಿಡಿದ ಹೆಂಡತಿ ಅವರ ಹಿಂದೆ ಬರಲಿಲ್ಲ. ಹಲವು ವರ್ಷಗಳ ಮೇಲೆ ಅವರು ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಅವರ ಹೊಸ ಬಾಳಿನ ವಿವರ ಪುಸ್ತಕಗಳಲ್ಲಿದೆ. ಹಿಂದುಳಿದ ಆ ಹೆಣ್ಣುಮಗಳು? ಜಾತಿ ಬಿಟ್ಟವನಿಗೆ ಬದುಕಿದ್ದಾಗಲೇ ಘಟಶ್ರಾದ್ಧ ಮಾಡುವ ಪದ್ಧತಿಯಿದ್ದ ಸಮಾಜದಲ್ಲಿ ಅಂಥವಳು ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ.

ಈ ಸಂಕಟ ಒಬ್ಬಿಬ್ಬರದಾಗಿದ್ದರೆ ಸರಕಾರ ಕಾಯಿದೆ ಮಾಡುತ್ತಿರಲಿಲ್ಲ. 1850ರ ಕಾಯಿದೆ ಮತ ಬಿಟ್ಟವನ ಪಿತ್ರಾರ್ಜಿತದ ಹಕ್ಕನ್ನು ಉಳಿಸಿತು. 1866ರ ಕಾಯಿದೆಯ ಪ್ರಕಾರ, ಮತಾಂತರದ ಕಾರಣಕ್ಕೆ ಹೆಂಡತಿ ಅಥವಾ ಗಂಡ ಆರು ತಿಂಗಳು ಜೊತೆಯಲ್ಲಿ ಬಾಳಲು ಒಪ್ಪದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದಿತ್ತು. ವಿಚಾರ ಮಾಡಿಕೊಳ್ಳಲು ಒಂದು ವರ್ಷ ಕೊಟ್ಟು, ಆಮೇಲೆ ಮದುವೆಯನ್ನು ಬಿಡಿಸುತ್ತಿದ್ದರು. ಕಾಗದದ ಮೇಲೆ ಹಕ್ಕು ಉಳಿದರೂ ಪಂಕ್ತಿ ಉಳಿಯಲಿಲ್ಲ, ಕಸುಬು ಉಳಿಯಲಿಲ್ಲ. ನೇಯ್ಗೆಯ ಶಾಲೆ, ಹಂಚಿನ ಕಾರಖಾನೆಗಳು ಹುಟ್ಟಿದ್ದರ ಒಂದು ಮುಖ್ಯ ಕಾರಣ ಇದೇ: ಮನೆಯಿಂದ ಹೊರಬಿದ್ದವರಿಗೆ ಅನ್ನ ಬೇಕಾಗಿತ್ತು. ‘ಕೈಗಾರಿಕಾ ಸೇವೆ’ ಎಂದು ನಾವು ಹೊಗಳುವುದರ ಬುಡದಲ್ಲಿ ಒಡೆದ ಒಲೆಗಳಿವೆ.

ಇನ್ನು ಕಾದಂಬರಿ. ಕಾರಂತರ ‘ಚೋಮನ ದುಡಿ’ (1933) ಇಗರ್ಜಿಯತ್ತ ಹೊರಟ ಚೋಮನನ್ನು ಅವನ ದೈವದ ನೆನಪಿನಿಂದ ಹಿಂದಿರುಗಿಸುತ್ತದೆ. ಆ ಹಿಂದಿರುಗುವಿಕೆಯಲ್ಲೇ ಕೃತಿಯ ಶಕ್ತಿಯಿದೆ. ಆದರೆ ಕ್ರೈಸ್ತ ಹುಡುಗಿಯ ಕೈಹಿಡಿದು ಆಚೆ ದಾಟಿದ ಮಗ ಗುರುವನ ಒಲೆಯ ಮುಂದೆ ಕಾದಂಬರಿ ಕೂಡುವುದಿಲ್ಲ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಬರೆದಾಗ ಪಾದ್ರಿಯ ಮಾತಿಗೆ ಮನಸೋತ ಬೆಟ್ಟಳ್ಳಿಯ ದೇವಯ್ಯನನ್ನು ನಗೆಯಿಂದಲೂ ಕರುಣೆಯಿಂದಲೂ ಚಿತ್ರಿಸಿದರು. ಅಲ್ಲಿಯೂ ಕಥೆಯ ಕಣ್ಣು ಹೊಸ್ತಿಲಿನ ಈಚೆಗೇ ಇದೆ. ನಾ. ಡಿಸೋಜರು ಇಗರ್ಜಿಯ ಸುತ್ತಣ ಮನೆಗಳೊಳಗೆ ಹೊಕ್ಕು ಬರೆದರು, ಅದು ದೊಡ್ಡ ಲಾಭ. ಆದರೆ ಅವು ತಲೆಮಾರುಗಳಿಂದ ಕ್ರೈಸ್ತರಾದವರ ಮನೆಗಳು. ಮೊದಲ ತಲೆಮಾರಿನ ಮನೆ ನಮ್ಮ ಹೆಸರಾಂತ ಕಾದಂಬರಿಗಳಲ್ಲಿ ಕತ್ತಲೆಯಲ್ಲೇ ಉಳಿದಿದೆ.

ಒಂದು ವಿಚಿತ್ರವನ್ನು ಗಮನಿಸಬೇಕು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಸಾರಸ್ವತರ ಮನೆಯ ಬಾಲವಿಧವೆಗೆ ಆ ಅಚ್ಚುಮೊಳೆಗಳು ದನಿಕೊಟ್ಟವು. ಅದೇ ಊರಿನಲ್ಲಿ, ಅದೇ ಸಮುದಾಯದಲ್ಲಿ, ಗಂಡ ಬದುಕಿದ್ದೂ ಒಬ್ಬಂಟಿಯಾದವಳಿಗೆ ಒಬ್ಬ ವೆಂಕಟರಾಯ ದೊರೆಯಲಿಲ್ಲ.

ಇಷ್ಟಕ್ಕೆ ಕಾರಣವೇನು? ನನಗೆ ತೋರುವಂತೆ, ನಾವು ಈ ವಿಷಯವನ್ನು ಎರಡು ಮಾತುಗಳಲ್ಲಿ ಮುಗಿಸಲು ಕಲಿತಿದ್ದೇವೆ. ‘ಬೆಳಕು ತಂದರು’ ಎನ್ನುವವರು ಒಂದು ಕಡೆ, ‘ಮನೆ ಮುರಿದರು’ ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಪಕ್ಷ ಬೇಕು. ಮನೆ ಯಾರಿಗೂ ಬೇಡ. ಸಾಹಿತ್ಯದ ಕೆಲಸ ಪಕ್ಷ ಗೆಲ್ಲಿಸುವುದಲ್ಲ. ನಂಬಿದ್ದಕ್ಕಾಗಿ ಹೊರಟವನ ಮನಸ್ಸೂ ಸತ್ಯ, ಹೊರಡಲಾರದೆ ಒಳಗೆ ನಿಂತವಳ ಮನಸ್ಸೂ ಸತ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಲ್ಲವನು ಕಾದಂಬರಿಕಾರ ಮಾತ್ರ. ವಕೀಲನಲ್ಲ, ಪ್ರಚಾರಕನೂ ಅಲ್ಲ.

ಸಾಮಗ್ರಿಗೇನೂ ಬಡತನವಿಲ್ಲ. ಮಿಶನಿನ ವರದಿಗಳಿವೆ, ಪತ್ರಗಳಿವೆ, ಬಾಸೆಲಿನಲ್ಲಿ ಕಾದಿರಿಸಿದ ದಫ್ತರಗಳಿವೆ. ಬೆಟಗೇರಿ, ಹುಬ್ಬಳ್ಳಿಗಳ ಹಳೆಯ ಮನೆತನಗಳಲ್ಲಿ ಅಜ್ಜಿಯರು ಹೇಳುತ್ತ ಬಂದ ಮಾತುಗಳಿವೆ. ನಿಘಂಟಿನ ಋಣವನ್ನು ನಾವು ಕಿಟ್ಟೆಲ್ಲರ ಪ್ರತಿಮೆ ನಿಲ್ಲಿಸಿ ತೀರಿಸಿದೆವೆಂದುಕೊಂಡಿದ್ದೇವೆ. ಪೌಲಿನಾರ ಋಣ, ಹೆಸರಿಲ್ಲದೆ ಬಾಗಿಲ ಹಿಂದೆ ನಿಂತವಳ ಋಣ ಹಾಗೆಯೇ ಉಳಿದಿದೆ. ಅದನ್ನು ತೀರಿಸಬೇಕಾದದ್ದು ಪ್ರತಿಮೆಯಿಂದಲ್ಲ, ಒಂದು ಒಳ್ಳೆಯ ಕಾದಂಬರಿಯಿಂದ.