ಅಡುಗೆಮನೆಯೂ ಬಲಿಪೀಠವೂ: ಸಹೋದರ ಲಾರೆನ್ಸರ ಕೃತಿಯ ಮರುಓದು

ಗುರುಮಠಗಳ ಆಧ್ಯಾತ್ಮಿಕ ವಾಚನದಲ್ಲಿ ‘ದೈವಸಾನ್ನಿಧ್ಯದ ಅಭ್ಯಾಸ’ ಎಂಬ ಕಿರುಹೊತ್ತಗೆಗೆ ಬಹುಕಾಲದಿಂದ ಸ್ಥಾನವಿದೆ. ಯುದ್ಧದಲ್ಲಿ ಗಾಯಗೊಂಡ ಸೈನಿಕರೊಬ್ಬರು ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿ, ಸಹೋದರ ಲಾರೆನ್ಸ್ ಎಂಬ ಹೆಸರು ತಳೆದು, ಅಡುಗೆಮನೆಯಲ್ಲಿಯೂ ಬಳಿಕ ಪಾದರಕ್ಷೆಗಳ ಕೆಲಸದಲ್ಲಿಯೂ ಬಾಳು ಸವೆಸಿದರು. 1691ರಲ್ಲಿ ಅವರು ದೈವಾಧೀನರಾದ ಮೇಲೆ ಅವರ ಪತ್ರಗಳನ್ನೂ ಸಂಭಾಷಣೆಗಳನ್ನೂ ಜೋಸೆಫ್ ದ ಬೋಫೋರ್ ಎಂಬ ಗುರುಗಳು ಸಂಗ್ರಹಿಸಿ ಪ್ರಕಟಿಸಿದರು.

ಕೃತಿಯ ಹಿರಿಮೆಯಿರುವುದು ಅದರ ಪ್ರಾಮಾಣಿಕತೆಯಲ್ಲಿ. ಅಡುಗೆ ಲಾರೆನ್ಸರಿಗೆ ಸ್ವಭಾವತಃ ಒಲ್ಲದ ಕೆಲಸ. ಅದನ್ನೇ ದೇವಪ್ರೀತಿಗಾಗಿ ಮಾಡಲು ಅವರು ವರ್ಷಗಟ್ಟಲೆ ಕಲಿತರು. ಆರಾಧನೆಯ ಬದುಕು ಭಾವಾವೇಶದಿಂದಲ್ಲ, ಅಭ್ಯಾಸದಿಂದ ಮೂಡುತ್ತದೆಂಬುದು ಈ ಕೃತಿಯ ಮುಖ್ಯ ಬೋಧೆ.

ದೋಷವಿರುವುದು ನಮ್ಮ ಓದಿನಲ್ಲಿ. ಶರಣರ ಕಾಯಕತತ್ತ್ವವನ್ನು ಬಲ್ಲ ಕನ್ನಡ ಮನಸ್ಸು ಲಾರೆನ್ಸರನ್ನು ಸುಲಭವಾಗಿ ತನ್ನವರನ್ನಾಗಿಸಿಕೊಳ್ಳುತ್ತದೆ. ಆದರೆ ಶರಣರು ಕಾಯಕವನ್ನು ದಾಸೋಹದಿಂದ ಬೇರ್ಪಡಿಸಲಿಲ್ಲವೆಂಬುದನ್ನು ಮರೆತು, ದುಡಿಮೆಯೊಂದಿದ್ದರೆ ಸಾಕು, ಅದೇ ಪ್ರಾರ್ಥನೆ ಎನ್ನುತ್ತೇವೆ. ಕಟ್ಟಡದ ಕೆಲಸ, ಶಾಲೆಯ ಲೆಕ್ಕಪತ್ರಗಳ ನಡುವೆ ಪ್ರಾರ್ಥನಾವಿಧಿಯನ್ನು ಕೈಬಿಟ್ಟ ದಿನಗಳಲ್ಲಿ ನಾನೂ ಲಾರೆನ್ಸರನ್ನು ಸಾಕ್ಷಿಗೆ ಕರೆದದ್ದುಂಟು. ಅವರು ಅಂಥ ಸಾಕ್ಷಿ ನುಡಿಯುವವರಲ್ಲ. ಕೆಲಸದ ಹೊತ್ತಿಗೂ ಪ್ರಾರ್ಥನೆಯ ಹೊತ್ತಿಗೂ ತಮಗೆ ಭೇದವಿಲ್ಲವೆಂದು ಅವರು ಹೇಳಿದ್ದು ನಿಜ. ಆದರೂ ಹಿರಿಯರು ನಿಗದಿಪಡಿಸಿದ ಪ್ರಾರ್ಥನೆಯ ವೇಳೆಯನ್ನು ಅವರು ಪಾಲಿಸಿದರು. ಮೇಲಾಗಿ, ಅಡುಗೆಮನೆಯ ಗದ್ದಲದಲ್ಲಿ ತಾವು ಕಂಡ ಶಾಂತಿಯನ್ನು ಅವರು ಹೋಲಿಸುವುದು ಪರಮಪ್ರಸಾದದ ಮುಂದೆ ಮೊಣಕಾಲೂರಿದಾಗಿನ ಶಾಂತಿಗೆ. ಅಲ್ಲಿ ಮೊಣಕಾಲೂರದವನಿಗೆ ಈ ಹೋಲಿಕೆಯ ಅರ್ಥವೇನು?

ಕೃತಿಗೂ ಒಂದು ಮಿತಿಯುಂಟು. ಅದರ ಪುಟಗಳಲ್ಲಿ ದೇವರೂ ಏಕಾಕಿಯಾದ ಆತ್ಮವೂ ಎದುರುಬದುರಾಗಿವೆ. ಸಭೆ ಹಿನ್ನೆಲೆಗೆ ಸರಿದಿದೆ. ಇದನ್ನು ತುಂಬಿಕೊಡಲು ಸಂತ ಪೌಲರನ್ನು ಜೊತೆಗಿಟ್ಟು ಓದಬೇಕು. ರೋಮನರಿಗೆ ಬರೆದ ಪತ್ರದ 12:1ರ ಗ್ರೀಕ್ ಮೂಲದಲ್ಲಿ ‘ದೇಹಗಳು’ ಬಹುವಚನ, ‘ಬಲಿ’ ಏಕವಚನ. ಅರ್ಪಿತವಾಗುವ ದೇಹಗಳು ಹಲವು; ಬಲಿ ಒಂದೇ. ಈ ವ್ಯಾಕರಣದಲ್ಲಿ ನಮ್ಮ ಖಾಸಗಿ ಭಕ್ತಿ ಸಭೆಯ ಅರ್ಪಣೆಯೊಳಗೆ ಸೇರುತ್ತದೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ಸಂವಿಧಾನದಲ್ಲಿ ದೈವಾರಾಧನೆಯನ್ನು ಧರ್ಮಸಭೆಯ ಕಾರ್ಯಗಳ ಶಿಖರವೆಂದೂ ಅದರ ಶಕ್ತಿಯ ಚಿಲುಮೆಯೆಂದೂ ಕರೆಯಿತು. ಆಧ್ಯಾತ್ಮಿಕ ಜೀವನ ದೈವಾರಾಧನೆಯಲ್ಲಿ ಪಾಲ್ಗೊಳ್ಳುವುದಕ್ಕಷ್ಟೇ ಸೀಮಿತವಲ್ಲವೆಂದೂ ಅದೇ ಸಂವಿಧಾನ ಹೇಳಿತು. ಲಾರೆನ್ಸರು ಈ ಎರಡನೆಯ ಮಾತಿಗೆ ಉತ್ತಮ ವ್ಯಾಖ್ಯಾನಕಾರರು. ಮೊದಲನೆಯದನ್ನು ಅಳಿಸಲು ಅವರನ್ನು ಬಳಸುವುದು ಅನ್ಯಾಯ. ಚಿಲುಮೆಗೆ ಬೆನ್ನು ತಿರುಗಿಸಿದ ಯಾಜಕನ ದುಡಿಮೆ ಎಷ್ಟೇ ದೊಡ್ಡದಾದರೂ ಒಂದು ದಿನ ಬತ್ತುತ್ತದೆ. ಗುರುವಿದ್ಯಾರ್ಥಿಗಳು ಈ ಕೃತಿಯನ್ನು ಓದಲಿ. ಬಲಿಪೂಜೆ ಮುಗಿಸಿ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಓದಲಿ.