ಮೊದಲಕ್ಷರದ ಯಾದಿಯಲ್ಲಿ ಹಾಡು

ಹಾಡುಗಳನ್ನು ಅವುಗಳ ಮೊದಲ ಅಕ್ಷರ ಹಿಡಿದು ಸಾಲಾಗಿ ಜೋಡಿಸುವ ಪದ್ಧತಿ ಕನ್ನಡದಲ್ಲಿ ಅಚ್ಚಿನ ಕಾಲದಲ್ಲಿ ಬೇರೂರಿತು. ವಚನ ಸಂಪುಟವಾಗಲಿ, ದಾಸರ ಕೀರ್ತನೆಗಳ ಸಂಗ್ರಹವಾಗಲಿ, ತತ್ವಪದಗಳ ಪುಸ್ತಕವಾಗಲಿ, ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಒಂದು ಅಕಾರಾದಿ ಇರುತ್ತದೆ. ಸಂಪಾದಕರು ಅದನ್ನು ಎಲ್ಲ ಮುಗಿದ ಮೇಲಿನ ಕೆಲಸವೆಂದು ಎಣಿಸುವುದುಂಟು. ವಿಮರ್ಶಕರು ಅದರ ಮೇಲೆ ಕಣ್ಣಾಡಿಸುವುದು ಅಪರೂಪ. ಆದರೆ ಹಾಡನ್ನು ಹುಡುಕಿಕೊಂಡು ಬಂದವರು ಮೊದಲು ತೆರೆಯುವುದು ಆ ಪುಟಗಳನ್ನೇ. ಆ ಯಾದಿ ಯಾವ ಬಗೆಯ ಹಾಡಿಗೆ ಒಗ್ಗುತ್ತದೆ, ಯಾವುದನ್ನು ಮರೆಮಾಡುತ್ತದೆ ಎಂಬುದನ್ನು ಕೂತು ವಿಚಾರಿಸಬೇಕಾಗಿದೆ.

ಕನ್ನಡದ ಹಳೆಯ ಹಾಡಿಗೆ ಶೀರ್ಷಿಕೆ ಇರಲಿಲ್ಲ. ವಚನಕ್ಕೆ ಮೊದಲ ಸಾಲೇ ಗುರುತು, ಕೊನೆಯ ಅಂಕಿತವೇ ಕರ್ತೃವಿನ ಮುದ್ರೆ. ಕೀರ್ತನೆಗೆ ಪಲ್ಲವಿಯೇ ಹೆಸರು. ಶೀರ್ಷಿಕೆಗಳನ್ನು ಹಚ್ಚಿದವರು ಸಂಗ್ರಾಹಕರು. ಜಾನ್ ಫೇತ್‌ಫುಲ್ ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದಾಗ, ಹಲಗಲಿಯ ಬೇಡರ ಬಂಡಾಯದ ಪದದಂಥವು ವಿಷಯ ಸೂಚಿಸುವ ಇಂಗ್ಲಿಷ್ ತಲೆಬರಹ ಹೊತ್ತು ಬಂದವು. ಹಾಡುವವರು ಆ ಪದಗಳನ್ನು ಅಂಥ ಹೆಸರಿನಿಂದ ಕರೆದವರಲ್ಲ.

ಮೊದಲಕ್ಷರದ ಕ್ರಮ ಎಷ್ಟು ಸಮರ್ಥವಾಗಿ ನಡೆಯಬಲ್ಲದೆಂಬುದನ್ನು ಕಾಣಲು ಒಮ್ಮೆ ಜಪಾನಿನತ್ತ ನೋಡಬಹುದು. ಅಲ್ಲಿನ ‘ಕಾನಾ’ ಲಿಪಿಯ ಒಂದೊಂದು ಅಕ್ಷರವೂ ಒಂದು ಉಚ್ಚಾರದ ಘಟಕ. ಅ, ಇ, ಉ, ಎ, ಒ ಎಂದು ಸ್ವರಗಳಿಂದ ತೊಡಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುವ ಅದರ ವರ್ಣಕ್ರಮ ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರಮಾಲೆಯನ್ನು ಅಭ್ಯಾಸ ಮಾಡಿದ್ದರ ಫಲ. ಕನ್ನಡ ಶಾಲೆಯ ಮಗುವಿಗೆ ಈ ಸಾಲು ಅರ್ಧ ಗುರುತಿನದು. ಕರಾಓಕೆ ಮನೆಗಳ ದಪ್ಪ ಪುಸ್ತಕಗಳಲ್ಲಿ ಸಾವಿರಾರು ಹಾಡುಗಳ ಶೀರ್ಷಿಕೆಗಳು ಇದೇ ಕ್ರಮದಲ್ಲಿ ನಿಲ್ಲುತ್ತಿದ್ದವು.

ಅದಕ್ಕಿಂತ ಸೊಗಸಾದದ್ದು ‘ಹ್ಯಾಕುನಿನ್ ಇಶ್ಶು’ವಿನ ಆಟ. 100 ಕವಿಗಳ ಒಂದೊಂದು ಪದ್ಯವಿರುವ ಈ ಸಂಕಲನವನ್ನು 13ನೆಯ ಶತಮಾನದಲ್ಲಿ ಫುಜಿವಾರಾ ನೋ ತೇಯ್ಕಾ ಆಯ್ದನೆಂಬ ಪ್ರತೀತಿಯಿದೆ. ಒಬ್ಬರು ಪದ್ಯ ಓದುತ್ತ ಹೋದಂತೆ, ಅದರ ಉತ್ತರಾರ್ಧ ಬರೆದ ಚೀಟಿಯನ್ನು ಆಟಗಾರರು ಹಾರಿ ಹಿಡಿಯಬೇಕು. ಮು, ಸು, ಮೆ, ಫು, ಸ, ಹೊ, ಸೆ ಈ 7 ಅಕ್ಷರಗಳಲ್ಲಿ ಶುರುವಾಗುವುದು ಒಂದೊಂದೇ ಪದ್ಯವಾದ್ದರಿಂದ ಆ ಅಕ್ಷರ ಬಾಯಿಂದ ಹೊರಬಿದ್ದ ಕ್ಷಣವೇ ಕೈ ಮುಂದಾಗುತ್ತದೆ. ‘ಅ’ದಲ್ಲಿ ಶುರುವಾಗುವ ಪದ್ಯಗಳು 16, ಅಲ್ಲಿ ಎರಡನೆಯ, ಮೂರನೆಯ, ಕೆಲವೊಮ್ಮೆ ಆರನೆಯ ಅಕ್ಷರದವರೆಗೂ ಕಾಯಬೇಕು. ಮೊದಲಕ್ಷರ ಇಲ್ಲಿ ಕಿವಿಗೆ ಬೀಳುವ ಸಂಕೇತವಾಗಿದೆ. ಇದು ಸಾಧ್ಯವಾದದ್ದು ಪಠ್ಯ ಕದಲದೆ ನಿಂತದ್ದರಿಂದ. ಹೆಸರು ಕದಲಿದರೆ ಏನಾಗುತ್ತದೆಂಬುದಕ್ಕೂ ಜಪಾನೇ ಉದಾಹರಣೆ ಕೊಡುತ್ತದೆ: ಕ್ಯು ಸಾಕಾಮೊತೊ 1961ರಲ್ಲಿ ಹಾಡಿದ ‘ಉಎ ಒ ಮುಇತೆ ಅರುಕೋ’ 1963ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ತುದಿಗೇರಿದ್ದು ‘ಸುಕಿಯಾಕಿ’ ಎಂಬ ಹೆಸರಿನಲ್ಲಿ. ಅದು ಒಂದು ಅಡುಗೆಯ ಹೆಸರು. ಹಾಡಿಗೂ ಅದಕ್ಕೂ ಸಂಬಂಧವಿಲ್ಲ. ‘ಉ’ದಲ್ಲಿದ್ದ ಹಾಡು ಹೊರನಾಡಿನ ಯಾದಿಯಲ್ಲಿ ‘ಸು’ವಿಗೆ ಹೋಯಿತು.

ಕನ್ನಡದಲ್ಲಿ ಈ ಕ್ರಮಕ್ಕೆ ಚೆನ್ನಾಗಿ ಒಗ್ಗಿದ್ದು ವಚನ. ಅಚ್ಚಿಗೆ ಮುಂಚೆ ವಚನಗಳು ಬೇರೆ ಕ್ರಮಗಳಲ್ಲಿ ಉಳಿದು ಬಂದವು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಅವನ್ನು ಜೋಡಿಸಿದವರಿದ್ದರು. ‘ಶೂನ್ಯ ಸಂಪಾದನೆ’ಯಲ್ಲಿ ಅವು ಶರಣರ ಸಂವಾದವಾಗಿ ಹರಿದವು. ಫ. ಗು. ಹಳಕಟ್ಟಿಯವರು 1923ರ ‘ವಚನಶಾಸ್ತ್ರಸಾರ’ದಲ್ಲಿ ವಿಷಯಗಳ ಅಡಿ ವಿಂಗಡಿಸಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ 15 ಸಂಪುಟಗಳು ಹೊರಬಂದಾಗ ಸಾವಿರಾರು ವಚನಗಳ ನಡುವೆ ದಾರಿ ತೋರಿದ್ದು ಅಕಾರಾದಿ. ಹುಡುಕಾಟಕ್ಕಷ್ಟೇ ಅಲ್ಲ, ಓದಿಗೂ ಅದರಿಂದ ಲಾಭವಿದೆ. ಬಸವಣ್ಣನ ವಚನಗಳ ಯಾದಿಯಲ್ಲಿ ‘ಅಯ್ಯಾ’ ಎಂಬ ಕರೆಯೂ ‘ಎನ್ನ’, ‘ಎನಗೆ’ ಎಂಬ ತನ್ನೆಡೆಗಿನ ಮಾತೂ ಮತ್ತೆ ಮತ್ತೆ ಬರುವುದನ್ನು ಕಂಡಾಗ, ಆ ದನಿ ಎಲ್ಲಿಂದ ಮಾತು ತೆಗೆಯುತ್ತದೆ ಎಂಬುದು ಒಂದೇ ನೋಟಕ್ಕೆ ಹೊಳೆಯುತ್ತದೆ. ಬಿಡಿಬಿಡಿಯಾಗಿ ಓದುವಾಗ ಇದು ಕಣ್ಣಿಗೆ ಬೀಳದು.

ತೊಡಕು ಶುರುವಾಗುವುದು ಬಾಯಿಪಾಠದ ಹಾಡುಗಳಲ್ಲಿ. ಮೊದಲು ರೋಣ ತಾಲ್ಲೂಕಿಗೆ ಸೇರಿ ಈಗ ಗಜೇಂದ್ರಗಡ ತಾಲ್ಲೂಕಿನಲ್ಲಿರುವ ಲಕ್ಕಲಕಟ್ಟಿ, ಅದರ ಸುತ್ತಲಿನ ಹಳ್ಳಿಗಳು, ಪಶ್ಚಿಮಕ್ಕೆ ನರಗುಂದದವರೆಗಿನ ಎರಿಭೂಮಿ, ಇವು ಗದಗ ಜಿಲ್ಲೆಯ ಪದಗಳ ನಾಡು. ಬೀಸುವ ಪದ, ಸೋಬಾನ ಪದ, ಕಣದಲ್ಲಿ ಎತ್ತುಗಳನ್ನು ಮೇಟಿಯ ಸುತ್ತ ತಿರುಗಿಸುತ್ತ ಹಾಡುವ ಹಂತಿ ಪದ, ಡೊಳ್ಳಿನ ಪದ, ಚೌಡಕಿ ಪದ, ಮೊಹರಮ್ಮಿನ ರಿವಾಯತ ಪದ, ಗೀಗೀ ಪದ, ಭಜನೆಯ ತತ್ವಪದ, ಇಷ್ಟೂ ಈ ಸೀಮೆಯ ಬದುಕಿಗೆ ಹೆಣೆದುಕೊಂಡಿದ್ದವು. ಹಿಟ್ಟಿನ ಗಿರಣಿ ಬಂದು ಬೀಸುವ ಪದ ಹೋಯಿತು. ರಾಶಿ ಯಂತ್ರ ಬಂದು ಹಂತಿ ಪದ ಹೋಯಿತು. ಹೋದದ್ದನ್ನು ಪುಸ್ತಕದಲ್ಲಾದರೂ ಸರಿಯಾಗಿ ಹುಡುಕಲು ಬರುವಂತೆ ಇಡುವುದು ಸಂಪಾದಕರ ಹೊಣೆ.

ಈ ಪದಗಳ ಮೊದಲಕ್ಷರ ಯಾವುದು? ಬೀಸುವಾಗ ‘ಸುವ್ವಿ’ ಎಂದು ಎತ್ತಿಕೊಂಡರೆ ಯಾದಿಯಲ್ಲಿ ಹಾಡು ‘ಸ’ದಲ್ಲಿ ಬೀಳುತ್ತದೆ, ಸೋಬಾನವೂ ಅಲ್ಲಿಯೇ. ಕೋಲಾಟದ ಪದಗಳೆಲ್ಲ ‘ಕೋ’ದಲ್ಲಿ, ಗೀಗೀ ಪದಗಳು ‘ಗ’ದಲ್ಲಿ ಒಟ್ಟಾಗುತ್ತವೆ. ಇಂಥ ಸೊಲ್ಲನ್ನು ಬಿಟ್ಟು ನುಡಿಯಿಂದ ಎಣಿಸಿದರೆ ಇನ್ನೊಂದು ಸಮಸ್ಯೆ: ತ್ರಿಪದಿಗಳನ್ನು ಹಾಡುವವಳು ತನ್ನ ಮನಸ್ಸಿನ ಓಟಕ್ಕೆ ತಕ್ಕಂತೆ ಪೋಣಿಸುತ್ತಾಳೆ, ಇಂದು ಮೊದಲು ಬಂದ ನುಡಿ ನಾಳೆ ನಾಲ್ಕನೆಯದಾಗುತ್ತದೆ. 1931ರ ‘ಗರತಿಯ ಹಾಡು’ ಸಂಗ್ರಹದಲ್ಲಿ ಹಲಸಂಗಿ ಗೆಳೆಯರು ತ್ರಿಪದಿಗಳನ್ನು ಬಾಳಿನ ಸಂಗತಿಗಳ ಜಾಡಿನಲ್ಲಿ ಇಟ್ಟರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಹಾಡಿನ ಮನೆಯಲ್ಲಿಯೇ ಬೆಳೆದವರಾದ್ದರಿಂದ ಆ ಆಯ್ಕೆ ಮಾಡಿದರು. ಅಕ್ಷರದ ಮೇಲೆ ಜೋಡಿಸಿದ್ದರೆ ತವರಿನ ನೆನಪಿನ ಪಕ್ಕ ಜಾತ್ರೆಯ ಸಡಗರ ಬಂದು ಕೂರುತ್ತಿತ್ತು, ಹೆಣ್ಣಿನ ಬದುಕಿನ ಎಳೆ ಹರಿದುಹೋಗುತ್ತಿತ್ತು.

ಕನ್ನಡ ಛಂದಸ್ಸಿನ ಒಳಗಿನ ಕಾರಣವೂ ಒಂದಿದೆ. ಇಲ್ಲಿ ಪ್ರಾಸ ಕೂರುವುದು ಸಾಲಿನ ಎರಡನೆಯ ಅಕ್ಷರದಲ್ಲಿ. 9ನೆಯ ಶತಮಾನದ ‘ಕವಿರಾಜಮಾರ್ಗ’ದಿಂದ ಹಿಡಿದು ಗದುಗಿನ ನಾರಣಪ್ಪನ ಷಟ್ಪದಿಯವರೆಗೆ, ಜನಪದ ತ್ರಿಪದಿಯಲ್ಲಿ ಸಹ, ಸಾಲುಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಹಿಡಿಯುವುದು ಆ ಎರಡನೆಯ ವ್ಯಂಜನ. ಹಾಡಿಕೆಯವರ ನೆನಪು ಮುಂದಿನ ಸಾಲನ್ನು ತಡವಿ ತೆಗೆಯುವುದೂ ಅದರಿಂದಲೇ. ಮೊದಲಕ್ಷರದ ಯಾದಿ ಈ ಗಂಟನ್ನು ಮುಟ್ಟುವುದೇ ಇಲ್ಲ. ಪ್ರಾಸಾಕ್ಷರದ ಯಾದಿಯೊಂದನ್ನು ಜೊತೆಗಿಟ್ಟರೆ ಅರ್ಧ ನೆನಪಿರುವ ತ್ರಿಪದಿಯನ್ನು ಹುಡುಕುವುದು ಎಷ್ಟೋ ಸುಲಭವಾಗುತ್ತದೆ.

ಬರಹದ ಏರುಪೇರು ಚಿಕ್ಕ ತೊಂದರೆಯಾದರೂ ಪದೇ ಪದೇ ಎದುರಾಗುತ್ತದೆ. ಹಸ್ತಪ್ರತಿಗಳಲ್ಲಿ ‘ಎ’ ಇರಬೇಕಾದಲ್ಲಿ ‘ಯೆ’, ‘ಒ’ ಇರಬೇಕಾದಲ್ಲಿ ‘ವೊ’ ಇರುತ್ತದೆ. ಸಂಪಾದಕರು ತಿದ್ದಿದರೆ ಹಾಡು ಸ್ವರಗಳ ಸಾಲಿಗೆ ಹೋಗುತ್ತದೆ, ಇದ್ದಂತೆ ಬಿಟ್ಟರೆ ಯಾದಿಯ ಆಚೆ ತುದಿಗೆ.

ಅಂತ್ಯಾಕ್ಷರಿಯೂ ಇದೇ ಪದ್ಧತಿಯ ಇನ್ನೊಂದು ರೂಪ. ಶಾಲೆಯ ಪ್ರವಾಸದ ಬಸ್ಸಿನಲ್ಲಿ ‘ಣ’, ‘ಳ’ ಬಂದಾಗ ‘ನ’, ‘ಲ’ಕ್ಕೆ ರಿಯಾಯಿತಿ ಕೊಟ್ಟು ಆಟ ಮುಂದುವರಿಸುತ್ತಾರೆ, ಆ ಅಕ್ಷರಗಳಿಂದ ಕನ್ನಡ ಶಬ್ದ ಶುರುವಾಗುವುದಿಲ್ಲವಲ್ಲ. ಅದರಲ್ಲಿ ಸಿನಿಮಾ ಹಾಡುಗಳದ್ದೇ ಕಾರುಬಾರು. ಧ್ವನಿಮುದ್ರಣದಿಂದ ಅವುಗಳ ಎತ್ತುಗಡೆ ಎಲ್ಲರ ಬಾಯಲ್ಲಿ ಒಂದೇ ಆಗಿ ನಿಂತಿದೆ.

ಭಜನಾ ಮೇಳದ ಕ್ರಮ ಬೇರೆಯೇ. ಅಮಾವಾಸ್ಯೆಯ ರಾತ್ರಿ, ಶ್ರಾವಣದ ಸೋಮವಾರ ಕೂತ ಮೇಳ ಗಣಪತಿಯ ಸ್ತುತಿಯಿಂದ ಎತ್ತಿ, ಗುರುವಿನ ಪದ ಹಾಡಿ, ನಡುರಾತ್ರಿಯ ಹೊತ್ತಿಗೆ ಗಟ್ಟಿಯಾದ ತತ್ವಪದಗಳಿಗೆ ಇಳಿದು, ಬೆಳಗಾಗುವಾಗ ಮಂಗಳಾರತಿಗೆ ಮುಟ್ಟುತ್ತದೆ. ಶಿಶುನಾಳ ಶರೀಫರ (1819–1889) ಪದ ಯಾವುದು, ನವಲಗುಂದದ ನಾಗಲಿಂಗಸ್ವಾಮಿಗಳದ್ದು ಯಾವುದು ಎಂಬುದು ಕೊನೆಯ ನುಡಿಯ ಅಂಕಿತದಿಂದ ಗೊತ್ತಾಗುತ್ತದೆ. ಗೀಗೀ ಮೇಳಗಳ ಹರದೇಶಿ–ನಾಗೇಶಿಯ ವಾದದಲ್ಲಿ ಎದುರಾಳಿ ಎತ್ತಿದ ಪ್ರಶ್ನೆಗೆ ಉತ್ತರವಾಗುವ ಪದ ಬೇಕು. ಅದರ ಮೊದಲಕ್ಷರದಿಂದ ಯಾರಿಗೂ ಉಪಯೋಗವಿಲ್ಲ. ತತ್ವಪದಗಳ ಸಂಪುಟಗಳಲ್ಲಿ ಅಕಾರಾದಿಯ ಜೊತೆಗೆ ಅಂಕಿತದ ಸೂಚಿ, ಹಾಡುವ ಹೊತ್ತಿನ ಸೂಚಿ ಇರಲೇಬೇಕು. ಇಲ್ಲದಿದ್ದರೆ ಸಂಪುಟ ಸಂಶೋಧಕರ ಕಪಾಟಿನಲ್ಲಿ ಉಳಿಯುತ್ತದೆ, ಮೇಳದವರ ಕೈಗೆ ಹತ್ತುವುದಿಲ್ಲ.

ಗಣಕದಲ್ಲಿ ಶಬ್ದ ಹುಡುಕುವ ಸೌಲಭ್ಯ ಬಂದ ಮೇಲೆ ಬರಹಕ್ಕಿಳಿದ ಹಾಡುಗಳ ಮಟ್ಟಿಗೆ ಮೊದಲಕ್ಷರದ ಭಾರ ಇಳಿದಿದೆ. ‘ವಚನ ಸಂಚಯ’ ಜಾಲತಾಣದಲ್ಲಿ ನಡುವಿನ ಯಾವ ಶಬ್ದ ಕೊಟ್ಟರೂ ಅದಿರುವ ವಚನಗಳು ಬಂದು ನಿಲ್ಲುತ್ತವೆ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಹಂಚಿದ ಭಜನೆ, ಗೀಗೀ, ರಿವಾಯತಗಳಿಗೆ ಆ ಅನುಕೂಲವಿಲ್ಲ. ಹಾಕಿದವರು ಕೊಟ್ಟ ಹೆಸರೇ ಅವಕ್ಕೆ ಗತಿ. ಇದಕ್ಕೆ ಒದಗುವ ಉಪಾಯ ಗದಗ ಸೀಮೆಯ ರೂಢಿಯಲ್ಲಿಯೇ ಇದೆ. ಜಾತ್ರೆಯಲ್ಲಿ ಮಾರುವ ಭಜನಾ ಪದಗಳ ಸಣ್ಣ ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು, ಎಲ್ಲರಿಗೂ ಗೊತ್ತಿರುವ ಇನ್ನೊಂದು ಹಾಡಿನ ಮೊದಲ ಶಬ್ದಗಳನ್ನು ಅಚ್ಚುಹಾಕುತ್ತಾರೆ. ಸ್ವರಲಿಪಿ ಓದಲು ಬಾರದವರೂ ಅಷ್ಟರಿಂದಲೇ ಹೊಸ ಪದವನ್ನು ಎತ್ತಿಕೊಂಡು ಹಾಡುತ್ತಾರೆ. ಹಾಡುಗಳನ್ನು ಧಾಟಿಯ ಮೇಲೆ ಗುಂಪು ಮಾಡಿ, ಗುಂಪಿನೊಳಗೆ ಅಕಾರಾದಿ ಇಟ್ಟ ಒಂದು ಸೂಚಿ ಉತ್ತರ ಕರ್ನಾಟಕದ ಪದಗಳಿಗೆ ಈಗಿರುವ ಯಾವ ಯಾದಿಗಿಂತಲೂ ಹೆಚ್ಚು ಒದಗುತ್ತದೆ.